ಟಿಡಿಎಸ್ ಕಡಿಮೆ ಇದ್ದರೆ ನೀರು ಒಳ್ಳೇದಾ?

ಮಂಡ್ಯ ಕಡೆಯ ಊರುಗಳಿಂದ ನಲ್ಲಿ ನೀರು ಪರೀಕ್ಷೆಗೆ ತರುವವರು ನಮ್ಮ ಲ್ಯಾಬಿನಲ್ಲಿ ಮೊದಲು ಕೇಳುವುದು, "ಟಿಡಿಎಸ್ ಎಷ್ಟಿದೆ ಸಾರ್?" ಫಿಲ್ಟರ್ ಮಾರುವವರು ಪೆನ್ನಿನಂಥ ಮೀಟರನ್ನು ಲೋಟಕ್ಕೆ ಅದ್ದಿ ತೋರಿಸಿ ತೋರಿಸಿ ಆ ಅಂಕಿ ಜನರ ತಲೆಯಲ್ಲಿ ಕೂತುಬಿಟ್ಟಿದೆ. ನೀರಿನಲ್ಲಿ ಕರಗಿರುವ ಲವಣ ಒಟ್ಟು ಎಷ್ಟು (ಅದೇ ಟಿಡಿಎಸ್) ಅನ್ನುವುದಷ್ಟೇ ಮೀಟರಿಗೆ ಗೊತ್ತು. ಯಾವ ಲವಣ ಅಂತ ಗೊತ್ತಿಲ್ಲ. ರೋಗಾಣುವಂತೂ ಅದಕ್ಕೆ ಕಾಣುವುದೇ ಇಲ್ಲ. ಒಂದು ಕೊಡ ಕಾವೇರಿ ನೀರಿಗೆ ಒಂದು ಚಮಚ ಚರಂಡಿ ನೀರು ಬೆರೆತರೂ ಅಂಕಿ ಅಲ್ಲಾಡುವುದಿಲ್ಲ.

ಬೆರೆಯುವುದು ಹೇಗೆ? ನಮ್ಮ ಊರುಗಳಲ್ಲಿ ನೀರು ದಿನವಿಡೀ ಬರುವುದಿಲ್ಲ ಅಲ್ವಾ? ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಮನೆ ಕನೆಕ್ಷನ್ನಿನ ಪೈಪು ಎಷ್ಟೋ ಬೀದಿಗಳಲ್ಲಿ ಚರಂಡಿಯೊಳಗೇ ಹಾದು ಬರುತ್ತದೆ. ಜಾಯಿಂಟ್ ಸಡಿಲವಿದ್ದರೆ ಕೊಳಕು ಒಳಕ್ಕಿಳಿಯುತ್ತದೆ. ಸಾಲದ್ದಕ್ಕೆ, ನೀರು ಸಣ್ಣಗೆ ಬರುತ್ತೆ ಅಂತ ಲೈನಿಗೇ ಮೋಟರ್ ಹಾಕುತ್ತೇವೆ. ಅದು ನೀರಿನ ಜೊತೆ ಚರಂಡಿಯನ್ನೂ ಎಳೆಯುತ್ತದೆ. (ಮೋಟರ್ ಹಾಕಬಾರದು ಅಂತ ನಿಯಮವೇನೋ ಇದೆ. ಹಾಕದ ಬೀದಿ ತೋರಿಸಿ ನೋಡೋಣ!) ವಾಂತಿ ಭೇದಿ, ಟೈಫಾಯಿಡ್, ಕಾಮಾಲೆ ಬರುವುದು ಈ ದಾರಿಯಲ್ಲೇ. ಕಾಮಾಲೆಯಲ್ಲಿ ಹೆಪಟೈಟಿಸ್ ಇ ಅನ್ನುವುದು ಬಸುರಿಯರ ಪ್ರಾಣಕ್ಕೇ ಕುತ್ತು ತರಬಹುದು.

ಹಾಗಾಗಿ ನೀರು ಬಿಟ್ಟಾಗ ಮೊದಲು ಬರುವುದನ್ನು ಗಿಡಕ್ಕೆ ಹಾಕಿ. ಬ್ಲೀಚಿಂಗ್ ಪೌಡರ್ ವಾಸನೆ ಸ್ವಲ್ಪ ಬಂದರೆ ಮೂಗು ಮುರಿಯಬೇಡಿ. ಅದು ರೋಗಾಣು ಕೊಲ್ಲುವ ಕ್ಲೋರಿನ್ನಿನ ವಾಸನೆ. ಮನೆ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕುಡಿಯುವ ನೀರು ಕೊತಕೊತ ಒಂದು ನಿಮಿಷ ಕುದಿದರೆ ರೋಗಾಣು ಸಾಯುತ್ತದೆ.

ಆದರೆ ಕುದಿಸಿದರೆ ಹೋಗದ್ದೂ ಇದೆ. ನದಿ ನೀರು ಸಾಲದ ದಿನ ಬೋರ್‌ವೆಲ್ ನೀರನ್ನೂ ಅದೇ ಲೈನಿಗೆ ಬಿಡುವುದುಂಟು. ನಾಲೆ ಬಯಲಿನಲ್ಲಿ ಕಬ್ಬಿಗೆ, ಭತ್ತಕ್ಕೆ ಸುರಿದ ಯೂರಿಯಾದಲ್ಲಿ ಬೆಳೆ ಹೀರದೆ ಬಿಟ್ಟದ್ದು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಕಕ್ಕಸುಗುಂಡಿ, ತಿಪ್ಪೆಗಳಿಂದಲೂ ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 45 ಮಿಲಿಗ್ರಾಂ ಮಿತಿ. ತೀರಾ ಜಾಸ್ತಿಯಾದರೆ ಆರು ತಿಂಗಳೊಳಗಿನ ಕೂಸಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ ತುಟಿ, ಉಗುರು ನೀಲಿಗಟ್ಟುತ್ತವೆ. ಪುಡಿ ಹಾಲು ಕಲಸಲು ಕೆಲವರು ಕಾಳಜಿಯಿಂದಲೇ ನೀರನ್ನು ಹದಿನೈದು ನಿಮಿಷ ಕುದಿಸುತ್ತಾರೆ. ನೀರು ಆವಿಯಾಗುತ್ತದೆ, ನೈಟ್ರೇಟ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ದಟ್ಟವಾಗುತ್ತದೆ. ಎದೆಹಾಲೊಂದನ್ನೇ ಕುಡಿಯುವ ಮಗುವಿಗೆ ಈ ಭಯ ಇಲ್ಲ.

ಆಳದ ಬೋರಿನ ಫ್ಲೋರೈಡ್ ಕೂಡ ಕುದಿಸಿದರೆ ಹೋಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಲೆ, ಇನ್ನೂ ಹೆಚ್ಚಿದ್ದರೆ ಮೂಳೆಗೆ ತೊಂದರೆ. ಇವೆರಡಕ್ಕೂ ಆರ್‌ಒ (ಒತ್ತಡ ಹಾಕಿ ಸೂಕ್ಷ್ಮ ಪೊರೆಯಲ್ಲಿ ಸೋಸುವ ಫಿಲ್ಟರ್) ಬೇಕು. ಕ್ಯಾಂಡಲ್ ಫಿಲ್ಟರ್ ಸಾಲದು.

ಪರೀಕ್ಷೆ ಮಾಡಿಸುವಾಗ ಇ-ಕೋಲಿ (ನೀರಿಗೆ ಮಲ ಬೆರೆತಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ), ನೈಟ್ರೇಟ್, ಫ್ಲೋರೈಡ್ ಮೂರನ್ನೂ ಬರೆಸಿ. ರೋಗಾಣು ಪರೀಕ್ಷೆಗೆ ಜ್ಯೂಸ್ ಬಾಟಲಿಯಲ್ಲಿ ತರಬೇಡಿ, ನಾವೇ ಬಾಟಲಿ ಕೊಡುತ್ತೇವೆ. ತಳದಲ್ಲಿ ಕಾಣುವ ಚೂರು ಪುಡಿಯನ್ನು ಕೊಳೆ ಅಂತ ತೊಳೆದು ತರುವವರಿದ್ದಾರೆ. ಕ್ಲೋರಿನ್ ತಟಸ್ಥವಾಗಲಿ ಅಂತ ನಾವೇ ಹಾಕಿರುತ್ತೇವೆ, ಹಾಗೇ ಇರಲಿ. ತುಂಬಿದ ಮೇಲೆ ಐಸ್ ಪಕ್ಕ ಇಟ್ಟು ಅವತ್ತೇ ತಲುಪಿಸಿ.