ಬಾಗದ ಡಿಸ್ಕ್, ಅದುರುವ ಪೆಡಲ್

ಬ್ರೇಕ್ ಒತ್ತಿದಾಗ ಪೆಡಲ್ ಅದುರಿದರೆ, ಸ್ಟೀರಿಂಗ್ ನಡುಗಿದರೆ ಗ್ಯಾರೇಜಿನಲ್ಲಿ ಸಿಗುವ ಉತ್ತರ ಒಂದೇ: ‘ಡಿಸ್ಕ್ ಬೆಂಡ್ ಆಗಿದೆ, ಬದಲಾಯಿಸಿ.’ ಚಕ್ರದ ಜೊತೆ ತಿರುಗುವ ಬೀಡುಕಬ್ಬಿಣದ ಆ ತಟ್ಟೆ ಬಾಗುವುದು ತೀರಾ ಅಪರೂಪ. ಅದುರಿಸುವುದು ಅದರ ದಪ್ಪದಲ್ಲಿನ ಏರುಪೇರು. 0.02 ಮಿ.ಮೀ. ವ್ಯತ್ಯಾಸವೂ ಪಾದಕ್ಕೆ ತಿಳಿಯುತ್ತದೆ.

ಬ್ರೇಕ್ ಒತ್ತಿದಾಗ ಡಿಸ್ಕನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ಪ್ಯಾಡ್ ಅದನ್ನು ಬರೀ ಉಜ್ಜುವುದಿಲ್ಲ, ಕಾದಾಗ ತನ್ನದೇ ವಸ್ತುವನ್ನು ಅದರ ಮೇಲೆ ತೆಳ್ಳಗೆ ಸವರುತ್ತದೆ. ಹೊಸ ದೋಸೆಕಾವಲಿಯನ್ನು ಪಳಗಿಸಿದ ಹಾಗೆ ಈ ಪದರ ಸಮನಾಗಿ ಕೂತರೆ ಹಿಡಿತವೂ ಸಮ. 1200 ಕೆ.ಜಿ. ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ನಿಂತಾಗ ಸುಮಾರು 460 ಕಿಲೋಜೂಲ್ ಶಕ್ತಿ ಶಾಖವಾಗುತ್ತದೆ. ಆಗುಂಬೆ ಘಾಟಿಯಲ್ಲಿ 500 ಮೀಟರ್ ಇಳಿಯುವಾಗ ಕಳೆಯಬೇಕಾದ ಶಕ್ತಿ ಅದರ ಹನ್ನೆರಡು ಪಟ್ಟಿಗೂ ಹೆಚ್ಚು. ಗೇರ್ ತಗ್ಗಿಸದೆ ಬ್ರೇಕ್ ನಂಬಿಯೇ ಇಳಿದು, ಕೆಳಗೆ ಪೆಡಲ್ ಒತ್ತಿ ಹಿಡಿದು ನಿಂತರೆ, ಕಾದ ಪ್ಯಾಡ್ ಒಂದೇ ಜಾಗದಲ್ಲಿ ದಪ್ಪ ಮೆತ್ತಿಕೊಳ್ಳುತ್ತದೆ. ಮುಂದೆ ಆ ಕಲೆಯೇ ಹೆಚ್ಚು ಕಾಯುತ್ತದೆ. ಕಾವು 650–700 ಡಿಗ್ರಿ ದಾಟಿದರೆ ಅಡಿಯ ಕಬ್ಬಿಣ ಸಿಮೆಂಟೈಟ್ ಎಂಬ ಗಡಸು ರೂಪಕ್ಕೆ ತಿರುಗಬಹುದು. ಸುತ್ತಲಿನದು ಸವೆದರೂ ಅದು ಸವೆಯದೆ ಉಬ್ಬಾಗಿ ಉಳಿಯುತ್ತದೆ. ಲೇತಿಗೆ ಕೊಟ್ಟು ಮೇಲ್ಮೈ ಹೆರೆಸಿದರೂ ಗಡಸು ಒಳಗಿದ್ದರೆ ಅದುರು ಮರಳುತ್ತದೆ.

ಪ್ಯಾಡಿನ ವಸ್ತುವೇ ಮುಖ್ಯ ಎಂಬುದು ಹಳೆಯ ಪಾಠ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರು. ತಾಮ್ರದ ಪ್ಯಾಡ್‌ಗಳು ಕಿವಿ ಕೊರೆಯುವಂತೆ ಕಿರುಚುತ್ತಿದ್ದವು. ಹರ್ಬರ್ಟ್ ಫ್ರೂಡ್ ಆ್ಯಸ್ಬೆಸ್ಟಾಸ್ (ಕಲ್ನಾರು) ಲೈನಿಂಗ್ ತಂದ ಮೇಲೆ ಕಿರುಚಾಟ ತಗ್ಗಿತು, ಆದರೆ ಅದರ ದೂಳು ಶ್ವಾಸಕೋಶಕ್ಕೆ ಮಾರಕ. ಆ್ಯಸ್ಬೆಸ್ಟಾಸ್ ಇಲ್ಲವೆಂದು ನಮೂದಿಸಿದ ಪ್ಯಾಡನ್ನೇ ಕೊಳ್ಳಿ.

‘ಸೆರಾಮಿಕ್ ಪ್ಯಾಡ್ ಅಂದರೆ ಬೆಸ್ಟ್’ ಎಂಬ ಮಾತನ್ನು ಕುರುಡಾಗಿ ನಂಬಬೇಡಿ. ಅದು ದೂಳು, ಸದ್ದು ಕಡಿಮೆ ಮಾಡುತ್ತದೆ, ಊರೊಳಗಿನ ಓಡಾಟಕ್ಕೆ ಚೆನ್ನ. ಪೂರ್ತಿ ಲೋಡಿನಲ್ಲಿ ಘಾಟಿ ಇಳಿಯುವವರಿಗೆ ಲೋಹದ ಚೂರು ಬೆರೆಸಿದ ಸೆಮಿ ಮೆಟಾಲಿಕ್ ಮೇಲು. ಪ್ಯಾಡಿನ ಅಂಚಿನಲ್ಲಿ ಎರಡಕ್ಷರದ ಗುರುತಿದ್ದರೆ ಓದಿ: ಮೊದಲನೆಯದು ಸಾಮಾನ್ಯ ತಾಪದ ಘರ್ಷಣೆ, ಎರಡನೆಯದು ಹೆಚ್ಚು ಬಿಸಿಯಲ್ಲಿ. ‘ಎಫ್’ ಅಂದರೆ ಘರ್ಷಣಾಂಕ 0.35ರಿಂದ 0.45, ‘ಇ’ ಅಂದರೆ 0.25ರಿಂದ 0.35. ‘ಎಫ್‌ಇ’ ಪ್ಯಾಡ್ ಬಿಸಿಯಲ್ಲಿ ಸೋಲುತ್ತದೆ. ತೂತು ಕೊರೆದ ಡಿಸ್ಕ್ ರಸ್ತೆಯ ಕಾರಿಗೆ ಬೇಡ, ಬಿರುಕು ಶುರುವಾಗುವುದೇ ಆ ತೂತುಗಳ ಅಂಚಿನಲ್ಲಿ. ಹಳೆಯ ಡಿಸ್ಕ್ ಉಳಿಸಿಕೊಳ್ಳುವುದಾದರೆ ಅದರ ಮೇಲೇ ನಮೂದಿಸಿದ ಕನಿಷ್ಠ ದಪ್ಪಕ್ಕೆ ಮೈಕ್ರೊಮೀಟರ್ ಹಿಡಿದು ನೋಡಿ. ಬದಲಾಯಿಸುವಾಗ ಎಡ, ಬಲ ಎರಡನ್ನೂ ಬದಲಾಯಿಸಿ.

ಫಿಟ್ಟಿಂಗ್‌ನಲ್ಲಿ ಹೆಚ್ಚು ಕೆಡುವುದು ಹಬ್ ಹತ್ತಿರ, ಅಂದರೆ ಡಿಸ್ಕ್ ಕೂರುವ ಚಕ್ರದ ನಡುಭಾಗದಲ್ಲಿ. ಅಲ್ಲಿನ ತುಕ್ಕನ್ನು ವೈರ್ ಬ್ರಷ್‌ನಿಂದ ಪೂರ್ತಿ ತೆಗೆಯದೆ ಕೂರಿಸಿದರೆ ಹೊಸ ಡಿಸ್ಕ್ ವಾಲಿ ತಿರುಗುತ್ತದೆ. ಸಣ್ಣ ಏರುಪೇರು ಅಳೆಯುವ ಡಯಲ್ ಗೇಜಿನಲ್ಲಿ ಆ ವಾಲು 0.05 ಮಿ.ಮೀ. ಮೀರಬಾರದು. ಮೀರಿದರೆ ಬ್ರೇಕ್ ಒತ್ತದಿದ್ದಾಗಲೂ ಪ್ರತಿ ಸುತ್ತಿನಲ್ಲಿ ಒಂದೇ ಜಾಗ ಪ್ಯಾಡಿಗೆ ತಾಗಿ ಸವೆಯುತ್ತದೆ. ಹಾಕಿದ ದಿನ ನುಣುಪಾಗಿದ್ದ ಬ್ರೇಕ್ ಕೆಲವು ಸಾವಿರ ಕಿ.ಮೀ. ಓಡಿದ ಮೇಲೆ ಅದುರತೊಡಗುವುದು ಹೀಗೆ.

ಹೊಸ ಡಿಸ್ಕಿನ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಪಿನ್‌ಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಿ. ಕಾರು ಕದಲಿಸುವ ಮೊದಲು ಗಟ್ಟಿಯಾಗುವವರೆಗೆ ಪೆಡಲ್ ಒತ್ತುತ್ತಿರಿ. ಆಮೇಲೆ ಪ್ಯಾಡಿನ ಪದರ ಸಮನಾಗಿ ಕೂರಲೆಂದು ಖಾಲಿ ರಸ್ತೆಯಲ್ಲಿ 60ರಿಂದ 20 ಕಿ.ಮೀ. ವೇಗಕ್ಕೆ ಎಂಟು ಹತ್ತು ಸಲ ಹದವಾಗಿ ಇಳಿಸಿ, ನಡುನಡುವೆ ಅರ್ಧ ನಿಮಿಷ ಆರಲು ಬಿಡಿ, ಪೂರ್ತಿ ನಿಲ್ಲಿಸಬೇಡಿ. ಕೊನೆಗೆ ಹತ್ತು ನಿಮಿಷ ಆದಷ್ಟೂ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ.