12ಕ್ಕೆ 8 ಕೂಡಿಸಿದರೆ 128 ಮಿ.ಮೀ. ಮಳೆ

ಅಪ್ಪ ಅಡಿಕೆ ತೋಟದ ಅಂಚಿನಲ್ಲಿ ಮಳೆಮಾಪಕ ಇಟ್ಟುಕೊಂಡು ದಿನಾ ಲೆಕ್ಕ ಬರೆಯುತ್ತಾರೆ. ತೀರ್ಥಹಳ್ಳಿ ಕಡೆ ಇಂಥವರು ಊರಿಗೊಬ್ಬರಾದರೂ ಸಿಗುತ್ತಾರೆ ಬಿಡಿ. ಆ ಲೆಕ್ಕವನ್ನು ಫೋನಿಗೆ ತರೋಣ ಅಂತ ನಾನು, ವೆಬ್ ಪುಟಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಪುಟ್ಟ ಪುಟ ಮಾಡಿದೆ. ಬೆಳಗಿನ ಅಳತೆ, ಸಂಜೆಯ ಅಳತೆ, ಎರಡನ್ನೂ ಕೂಡಿಸಬೇಕು, ಅಷ್ಟೇ. ಮೊದಲ ದಿನ ಬೆಳಗ್ಗೆ 12 ಮಿ.ಮೀ., ಸಂಜೆ 8. ಮೊತ್ತ 128 ಅಂತ ತೋರಿಸಿತು.

ಬಯಲುಸೀಮೆಯಲ್ಲಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುವ ಆಗುಂಬೆಯ ಪಕ್ಕದಲ್ಲಿ, ಅದೂ ಜುಲೈನಲ್ಲಿ, 128 ಅಂದರೆ ಯಾರಿಗೆ ಅನುಮಾನ ಬರುತ್ತದೆ? ಅಪ್ಪ ಮಾತ್ರ "ನಿನ್ನೆ ಅಂಗಳದಲ್ಲಿ ಬಟ್ಟೆ ಒಣಗಿತ್ತಲ್ಲೋ ಮಾರಾಯ" ಎಂದರು. ಮಾರನೇ ದಿನ 45 ಮತ್ತು 30 ಸೇರಿ 4530 ಆದಾಗ ನನಗೂ ತಲೆ ಕೆಟ್ಟಿತು.

ಪುಟದ ಪೆಟ್ಟಿಗೆಯಲ್ಲಿ ನಾವು ಏನೇ ಒತ್ತಿದರೂ ಅದು ಸಂಖ್ಯೆಯಾಗಿ ಅಲ್ಲ, ಪದವಾಗಿಯೇ ಬರುತ್ತದೆ. ಬೆಳಗಿನದನ್ನು ನಾನು ಸಂಖ್ಯೆ ಮಾಡಿಕೊಂಡಿದ್ದೆ, ಸಂಜೆಯದನ್ನು ಮರೆತಿದ್ದೆ. ಜಾವಾಸ್ಕ್ರಿಪ್ಟ್‌ನಲ್ಲಿ ಕೂಡಿಸುವ ಗುರುತಿಗೆ ಎರಡು ಕೆಲಸ: ಸಂಖ್ಯೆಗಳನ್ನು ಕೂಡಿಸುವುದು, ಪದಗಳನ್ನು ಅಂಟಿಸುವುದು. ಒಂದು ಕಡೆ ಪದ ಕಂಡರೆ ಸಾಕು, ಇನ್ನೊಂದನ್ನೂ ಪದ ಮಾಡಿ ಅಂಟಿಸಿಬಿಡುತ್ತದೆ. ಕಳೆಯುವ ಗುರುತಿಗೆ ಅಂಟಿಸುವ ಕೆಲಸ ಇಲ್ಲ, ಹಾಗಾಗಿ ಅದೇ 12ರಲ್ಲಿ ಅದೇ 8 ಕಳೆದರೆ ಸರಿಯಾಗಿ 4 ಬರುತ್ತದೆ! ಪೈಥಾನ್ ಎಂಬ ಇನ್ನೊಂದು ಭಾಷೆ ಇಂಥ ಕಡೆ ತಪ್ಪು ಎಂದು ಹೇಳಿ ನಿಂತುಬಿಡುತ್ತದೆ. ಮೊದಲು ಅದು ಮೊಂಡುತನ ಅನ್ನಿಸುತ್ತಿತ್ತು, ಈಗ ಇಲ್ಲ. ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ, ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯಲ್ಲಿ, 10 ದಿನದಲ್ಲಿ ಮಾಡಿದ್ದು. ಆಗಿನ ಎಷ್ಟೋ ತೀರ್ಮಾನಗಳು ಇವತ್ತಿಗೂ ಹಾಗೇ ಇವೆ, ಯಾಕೆಂದರೆ ಬದಲಿಸಿದರೆ ಹಳೇ ಪುಟಗಳು ಕೆಡುತ್ತವೆ.

ಮಳೆಯನ್ನು ಕಡಿಮೆಯಿಂದ ಜಾಸ್ತಿಗೆ ಜೋಡಿಸು ಅಂದರೆ 112, 7, 98 ಅಂತ ಕೊಟ್ಟಿತು. ಇಲ್ಲಿ ಮೂರೂ ಸಂಖ್ಯೆಗಳೇ ಆಗಿದ್ದವು. ಆದರೂ ಬೇರೆ ಹೇಳದಿದ್ದರೆ ಅದು ನಿಘಂಟಿನಂತೆ ಮೊದಲ ಅಂಕಿ ನೋಡಿಯೇ ಜೋಡಿಸುವುದು. ಜಾವಾಸ್ಕ್ರಿಪ್ಟ್‌ಗೆ ತಿಂಗಳು ಸೊನ್ನೆಯಿಂದ ಶುರು (ಜನವರಿ ಅಂದರೆ 0), ತಾರೀಕು ಮಾತ್ರ ಒಂದರಿಂದ. ಜೂನ್ 25 ಅಂತ 6 ಹಾಕಿದೆ, ಅದು ಜುಲೈ 25 ಆಯಿತು, ಆರಿದ್ರಾ ಮಳೆ ಹೋಗಿ ಪುಷ್ಯದಲ್ಲಿ ಸುರಿಯಿತು. ಇದು ಜಾವಾ ಎಂಬ ಬೇರೆ ಭಾಷೆಯಿಂದ ಬಂದ ಬಳುವಳಿ, ಅದಕ್ಕೂ ಹಿಂದೆ ಸಿ ಭಾಷೆಯಲ್ಲೂ ಹೀಗೇ ಇತ್ತು.

ನನ್ನ ಎರಡು ರಾತ್ರಿ ತಿಂದಿದ್ದು ಮಾತ್ರ 'ಶಿವಮೊಗ್ಗ'. ಎರಡು ಕಡೆಯಿಂದ ತಂದ ಪಟ್ಟಿಗಳಲ್ಲಿ ಒಂದೇ ಹೆಸರು, ಕಣ್ಣಿಗೆ ಒಂಚೂರೂ ವ್ಯತ್ಯಾಸ ಇಲ್ಲ, ಎರಡೂ ಒಂದೇನಾ ಎಂದು ಕೇಳಿದರೆ ಅಲ್ಲ ಅನ್ನುತ್ತದೆ. ಉದ್ದ ಕೇಳಿದೆ. ಒಂದು 8, ಇನ್ನೊಂದು 9. ನಾವು ಎಣಿಸಿದರೆ ಶಿ, ವ, ಮೊ, ಗ್ಗ, ನಾಲ್ಕೇ ಅಲ್ವಾ? ಕಂಪ್ಯೂಟರ್ ಗುಡಿಸು, ಒತ್ತು ಎಲ್ಲವನ್ನೂ ಬಿಡಿಸಿ ಎಣಿಸುತ್ತದೆ, ಅದಕ್ಕೆ 8. ಆ ಒಂಬತ್ತನೆಯದು ಎಲ್ಲಿಂದ ಬಂತು? 'ಮೊ' ಒಳಗಿನ ಒಕಾರದಿಂದ. ಕಂಪ್ಯೂಟರ್ ಅಕ್ಷರಗಳಿಗೆ ಬಳಸುವ ಸಂಕೇತ ಪಟ್ಟಿಯಾದ ಯೂನಿಕೋಡ್‌ನಲ್ಲಿ ಅದನ್ನು ಒಂದೇ ಗುರುತಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಪೈಥಾನ್‌ನಲ್ಲೂ ಇದೇ ಕತೆ, ಹಾಗಾಗಿ ಜಾವಾಸ್ಕ್ರಿಪ್ಟನ್ನು ಬೈದು ಪ್ರಯೋಜನ ಇಲ್ಲ. ಹೋಲಿಸುವ ಮೊದಲು ಎರಡನ್ನೂ ನಾರ್ಮಲೈಸ್ ಮಾಡಿದರೆ, ಅಂದರೆ ಒಂದೇ ರೂಪಕ್ಕೆ ತಂದರೆ, ಸರಿಹೋಗುತ್ತದೆ.

ಅಪ್ಪನ ಹಳೇ ಪುಸ್ತಕಗಳಲ್ಲಿ ಅಂಕಿಯೆಲ್ಲ ಕನ್ನಡದ್ದು. ಅವನ್ನು ಹಾಗೇ ಟೈಪ್ ಮಾಡಿ '೧೨' ಎಂದು ಕೊಟ್ಟರೆ ಜಾವಾಸ್ಕ್ರಿಪ್ಟ್ ಇದು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಆ ಮೊಂಡ ಪೈಥಾನ್ ಮಾತ್ರ ಏನೂ ಕೇಳದೆ ಸುಮ್ನೆ 12 ಎಂದು ಓದಿಕೊಂಡಿತು. ಹಳೇ ಪುಸ್ತಕಗಳನ್ನೆಲ್ಲ ಈಗ ಅದಕ್ಕೇ ಒಪ್ಪಿಸಿದ್ದೇನೆ.