ನಿಮ್ಮ ಕುಂಡಕ್ಕೆ ಆಕಾಶ ಎಷ್ಟು ಕಾಣುತ್ತದೆ?

ಚಳಿಗಾಲದಲ್ಲಿ ಗಿಡ ಸತ್ತರೆ ನಾವು ದೂರುವುದು ಗಾಳಿಯನ್ನು. ಅದು ಅರ್ಧ ಮಾತ್ರ ನಿಜ. ಮೋಡವಿಲ್ಲದ, ಗಾಳಿ ಅಲುಗದ ರಾತ್ರಿ ಎಲೆಯು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹವಾಮಾನ ವರದಿಯಲ್ಲಿ 3 ಡಿಗ್ರಿ ಅಂತ ಇರುತ್ತದೆ, ಬೆಳಿಗ್ಗೆ ಎದ್ದು ನೋಡಿದರೆ ಹುಲ್ಲಿನ ಮೇಲೆ ಬೆಳ್ಳನೆ ಹಿಮದ ಪುಡಿ! ವರದಿ ಸುಳ್ಳಲ್ಲ. ಅವರ ಥರ್ಮಾಮೀಟರ್ ನೆಲದಿಂದ ಒಂದೂವರೆ ಮೀಟರ್ ಆಸುಪಾಸಿನಲ್ಲಿ, ಪೆಟ್ಟಿಗೆಯೊಳಗೆ ಇರುತ್ತದೆ. ಹುಲ್ಲು ಬಯಲಲ್ಲಿ ಇರುತ್ತದೆ.

ಹಾಗಾದರೆ ಎಲೆಯ ಶಾಖ ಹೋಗಿದ್ದೆಲ್ಲಿಗೆ? ಮೇಲಕ್ಕೆ, ಆಕಾಶಕ್ಕೆ.

ಎಲ್ಲ ವಸ್ತುಗಳೂ ಹಗಲು ರಾತ್ರಿ ಇನ್ಫ್ರಾರೆಡ್ ಕಿರಣ, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣ, ಹೊಮ್ಮಿಸುತ್ತಲೇ ಇರುತ್ತವೆ. 10 ಡಿಗ್ರಿ ಇರುವ ಎಲೆ ಅಥವಾ ಮಣ್ಣು ಚದರ ಮೀಟರಿಗೆ ಸುಮಾರು 360 ವ್ಯಾಟ್ ಹೊರಗೆ ಬಿಡುತ್ತದೆ. ಎದುರಿಗೆ ಗೋಡೆಯೋ ಮರವೋ ಇದ್ದರೆ ಅದೂ ಹೆಚ್ಚುಕಮ್ಮಿ ಅಷ್ಟನ್ನೇ ವಾಪಸ್ ಕೊಡುತ್ತದೆ, ಲೆಕ್ಕ ಸರಿಹೋಗುತ್ತದೆ. ಮೋಡವೂ ಬಹುಪಾಲು ವಾಪಸ್ ಕೊಡುತ್ತದೆ. ಶುಭ್ರ ಆಕಾಶ ಮಾತ್ರ ಕೊಡುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಕೆಂಡದ ಮುಂದೆ ಕೈ ಹಿಡಿದು ನಡುವೆ ಒಂದು ಹಾಳೆ ಅಡ್ಡ ಇಟ್ಟರೆ ಬಿಸಿ ತಟ್ಟನೆ ನಿಲ್ಲುತ್ತದಲ್ವಾ? ರಾತ್ರಿ ಎಲೆಯೇ ಕೆಂಡ. ಅದರ ಮತ್ತು ಆಕಾಶದ ನಡುವೆ ಹೆಚ್ಚುಕಮ್ಮಿ ಏನು ಅಡ್ಡ ಬಂದರೂ ಶಾಖ ಉಳಿಯುತ್ತದೆ.

ಇದನ್ನು ಕಂಡುಕೊಂಡ ಪ್ರಯೋಗ ನನಗೆ ವಿಜ್ಞಾನದ ಇತಿಹಾಸದಲ್ಲೇ ಅತ್ಯಂತ ಇಷ್ಟವಾದದ್ದು. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಹುಲ್ಲಿನಲ್ಲಿ ನಾಲ್ಕು ಕಡ್ಡಿ ನೆಟ್ಟ. ಅವುಗಳ ತುದಿಗೆ, ನೆಲದಿಂದ ಆರು ಇಂಚು ಮೇಲೆ, ತೆಳ್ಳನೆಯ ಒಂದು ಕರವಸ್ತ್ರ ಬಿಗಿದ. ನಾಲ್ಕೂ ಬದಿ ತೆರೆದೇ ಇತ್ತು, ಗಾಳಿ ಆರಾಮಾಗಿ ಓಡಾಡುತ್ತಿತ್ತು. ಆದರೂ ಬಟ್ಟೆಯ ಕೆಳಗಿನ ಹುಲ್ಲು ಪಕ್ಕದ ಹುಲ್ಲಿಗಿಂತ ಬೆಚ್ಚಗಿತ್ತು. ತೋಟಗಾರರು ಗಿಡಗಳಿಗೆ ತೆಳು ಚಾಪೆ ಹೊದಿಸುವುದನ್ನು ಮೊದಲು ಅವನೂ ವ್ಯರ್ಥ ಅಂದುಕೊಂಡಿದ್ದ. ತೆಳು ಚಾಪೆ ಗಾಳಿಯ ಚಳಿಯನ್ನು ಹೇಗೆ ತಡೆದೀತು ಎಂಬುದು ಅವನ ವಾದ. ಅದು ತಡೆಯುತ್ತಿದ್ದದ್ದು ಆಕಾಶವನ್ನು ಎಂದು ಆಮೇಲೆ ಅರ್ಥವಾಯಿತು. 1814ರಲ್ಲಿ ಇಬ್ಬನಿಯ ಬಗ್ಗೆ ಪ್ರಬಂಧ ಪ್ರಕಟಿಸಿದ.

ಫ್ರಾನ್ಸಿನ ತೋಟಗಾರರಲ್ಲಿ ಆಗ ಒಂದು ಗಟ್ಟಿ ನಂಬಿಕೆ ಇತ್ತು: ವಸಂತದ ಚಂದ್ರನ ಬೆಳಕು ಬಿದ್ದರೆ ಎಳೆ ಚಿಗುರು ಕಮರಿ ಕಂದಾಗುತ್ತದೆ. ಖಗೋಳ ವಿಜ್ಞಾನಿ ಅರಾಗೋ ವೆಲ್ಸ್‌ನ ವಿವರಣೆಯಿಂದಲೇ ಇದನ್ನು ಬಿಡಿಸಿದ. ಚಂದ್ರ ಚೆನ್ನಾಗಿ ಕಂಡ ರಾತ್ರಿ ಎಂದರೆ ಮೋಡ ಇಲ್ಲದ ರಾತ್ರಿ, ಅಷ್ಟೇ. ಶಾಖ ಸೋರಿಹೋಗುತ್ತಿದ್ದದ್ದು ಆ ಖಾಲಿ ಆಕಾಶಕ್ಕೆ. ಗಿಡ ನೆಡಲು, ಕತ್ತರಿಸಲು ಚಂದ್ರನ ಕಲೆ ನೋಡುವವರು ಇವತ್ತಿಗೂ ಇದ್ದಾರೆ. ಅವರು ಮೋಡ ನೋಡಿದರೆ ಗಿಡಕ್ಕೆ ಎಷ್ಟೋ ಒಳ್ಳೆಯದು.

ಇಷ್ಟು ತಿಳಿದ ಮೇಲೆ ಚಳಿಗಾಲದ ತೋಟದ ಕೆಲಸ ಬಹಳ ಅಗ್ಗವಾಗುತ್ತದೆ. ಮೊದಲ ಕೆಲಸಕ್ಕೆ ಏನೂ ಬೇಡ, ಕುಂಡಗಳ ಜಾಗ ಬದಲಿಸುವುದಷ್ಟೆ. ಮೊಬೈಲನ್ನು ಕುಂಡದ ಅಂಚಿನ ಮೇಲೆ ಅಂಗಾತ ಇಟ್ಟು, ಸೆಲ್ಫಿ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆಯಿರಿ. ಚಿತ್ರದಲ್ಲಿ ಆಕಾಶ ಎಷ್ಟು ತುಂಬಿದೆ ನೋಡಿ. ಬಯಲಿನ ಕುಂಡದಲ್ಲಿ ಪೂರ್ತಿ ಆಕಾಶ. ಗೋಡೆಗೆ ತಾಗಿಸಿಟ್ಟರೆ ಸುಮಾರು ಅರ್ಧ. ಕಿಟಕಿಯ ಮೇಲಿನ ಸಜ್ಜಾದ ಕೆಳಗೆ ಇನ್ನೂ ಕಡಿಮೆ. ಹಗಲೆಲ್ಲ ಬಿಸಿಲು ಕಾದ ಇಟ್ಟಿಗೆ ಗೋಡೆಯಾದರೆ ರಾತ್ರಿ ಅದೇ ಶಾಖ ಕೊಡುತ್ತದೆ. ಎತ್ತರದ, ಗಟ್ಟಿ ಜಾತಿಯ ಗಿಡಗಳನ್ನು ಹೊರಸಾಲಿಗೆ, ಎಳೆಯವನ್ನು ಅವುಗಳ ಎಲೆಯ ಮರೆಗೆ ಇಡಿ. ಕುಂಡಗಳು ಒಂದಕ್ಕೊಂದು ತಾಗಿರಲಿ. ಒಂಟಿ ಕುಂಡದ ಬೇರಿಗೆ ಎಲ್ಲ ಬದಿಯಿಂದಲೂ ಚಳಿ.

ಇನ್ನು ಹಳೆ ಸಾಮಾನು. ಹರಿದ ಬೆಡ್‌ಶೀಟ್ ಸಾಕು, ಆದರೆ ಅಂಚು ನೆಲ ಮುಟ್ಟಬೇಕು. ರಾತ್ರಿ ಬೆಚ್ಚಗಿರುವುದು ಮಣ್ಣು. ಬಟ್ಟೆಯನ್ನು ಕಾಂಡಕ್ಕೆ ಸುತ್ತಿ ದಾರ ಕಟ್ಟಿದರೆ ಆ ಶಾಖ ಎಲೆಗೆ ಸಿಗುವುದೇ ಇಲ್ಲ. ಮಧ್ಯಾಹ್ನ ಮಣ್ಣಿಗೆ ನೀರು ಹಾಕಿ, ಒದ್ದೆ ಮಣ್ಣು ಒಣ ಮಣ್ಣಿಗಿಂತ ಜಾಸ್ತಿ ಶಾಖ ಹಿಡಿದಿಡುತ್ತದೆ. ದಪ್ಪ ಒಣ ತರಗೆಲೆಯ ಹೊದಿಕೆ ಬೇರಿಗೆ ಒಳ್ಳೆಯದು. ಆದರೆ ಅದು ಮಣ್ಣಿನ ಶಾಖವನ್ನು ಕೆಳಗೇ ತಡೆಯುವುದರಿಂದ ಮೇಲಿನ ಎಲೆ ಇನ್ನಷ್ಟು ತಣ್ಣಗಾಗುತ್ತದೆ. ತೆಳು ಪಾಲಿಥೀನ್ ಹಾಳೆ ಗಾಳಿಯನ್ನು ತಡೆದರೂ ಇನ್ಫ್ರಾರೆಡ್ ಬಹುಪಾಲು ದಾಟಿಹೋಗುತ್ತದೆ. ಬಟ್ಟೆ ಇದ್ದರೆ ಬಟ್ಟೆಯೇ ಇರಲಿ.

ಹಳೆ ಕಿಟಕಿಯ ಗಾಜು ಸಿಕ್ಕರೆ ಅದೃಷ್ಟ. ನಾಲ್ಕು ಬದಿ ಇಟ್ಟಿಗೆ ಜೋಡಿಸಿ, ಸೂರ್ಯನ ಕಡೆ ಇಳಿಜಾರಾಗಿ ಗಾಜು ಮುಚ್ಚಿದರೆ ಸೊಪ್ಪಿಗೆ ಚಳಿಗಾಲದ ಮನೆ ಸಿದ್ಧ. ಹಗಲು ಇದು ಬಿಸಿಯಾಗುವುದು ಗಾಜು ಇನ್ಫ್ರಾರೆಡ್ ಹಿಡಿಯುವುದರಿಂದ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಆದರೆ 1909ರಲ್ಲಿ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಎರಡು ಪೆಟ್ಟಿಗೆ ಮಾಡಿ ಒಂದಕ್ಕೆ ಗಾಜು, ಇನ್ನೊಂದಕ್ಕೆ ಇನ್ಫ್ರಾರೆಡ್ ದಾಟಿಸುವ ಕಲ್ಲುಪ್ಪಿನ ಫಲಕ ಮುಚ್ಚಿ ಬಿಸಿಲಿಗಿಟ್ಟ. ಎರಡೂ ಹೆಚ್ಚುಕಮ್ಮಿ ಒಂದೇ ಸಮ ಕಾದವು. ಹಗಲು ಮುಖ್ಯವಾಗಿ ಕೆಲಸ ಮಾಡುವುದು ಬಿಸಿ ಗಾಳಿ ಮೇಲೆದ್ದು ಹೋಗದಂತೆ ತಡೆಯುವ ಮುಚ್ಚಳ. ಹಾಗಾಗಿ ಸಂದು ಬಿಡದೆ ಜೋಡಿಸುವುದು ಮುಖ್ಯ. ಬಿಸಿಲೇರಿದ ಮೇಲೆ ಗಾಜನ್ನು ಒಂದು ಕಡ್ಡಿ ಕೊಟ್ಟು ಎತ್ತಿಡುವುದೂ ಅಷ್ಟೇ ಮುಖ್ಯ, ಇಲ್ಲದಿದ್ದರೆ ಸೊಪ್ಪು ಬೆಂದೇಹೋಗುತ್ತದೆ. ಹಳೆ ಕಿಟಕಿಯ ಬಣ್ಣದಲ್ಲಿ ಸೀಸ ಇರಬಹುದು. ಸಿಪ್ಪೆ ಏಳುತ್ತಿರುವ ಚೌಕಟ್ಟನ್ನು ತಿನ್ನುವ ಗಿಡದ ಹತ್ತಿರ ತರಬೇಡಿ.

ಆ ಪೆಟ್ಟಿಗೆಯೊಳಗೆ ನೀರು ತುಂಬಿದ ಹಳೆ ಬಾಟಲಿಗಳನ್ನು ನಿಲ್ಲಿಸಿ. ಒಂದು ಲೀಟರ್ ನೀರು ಹಿಡಿಯುವ ಶಾಖ ಸುಮಾರು 3,500 ಲೀಟರ್ ಗಾಳಿ ಹಿಡಿಯುವಷ್ಟು. ಎರಡು ಲೀಟರಿನ ಐದು ಬಾಟಲಿಗಳು ರಾತ್ರಿಯ ಹತ್ತು ಗಂಟೆಯಲ್ಲಿ 10 ಡಿಗ್ರಿ ತಣ್ಣಗಾದರೆ, ಅಷ್ಟೂ ಹೊತ್ತು 12 ವ್ಯಾಟಿನ ಪುಟ್ಟ ಹೀಟರ್ ಉರಿಸಿದ ಹಾಗೆ. ನೀರು ಹೆಪ್ಪುಗಟ್ಟುವಾಗಲೂ ಲೀಟರಿಗೆ 334 ಕಿಲೋಜೂಲ್ ಬಿಟ್ಟುಕೊಡುತ್ತದೆ. ಮಂಜುಗಡ್ಡೆ ಹಿಗ್ಗುವುದರಿಂದ ಬಾಟಲಿ ತುಂಬಾ ತುಂಬಿಸದೆ ಮೇಲೆ ಸ್ವಲ್ಪ ಜಾಗ ಬಿಡಿ. ಹೊರಗೆ ಕಪ್ಪು ಬಣ್ಣ ಬಳಿದರೆ ಹಗಲು ಬೇಗ ಕಾಯುತ್ತದೆ.

ಜೋರು ಶೀತಗಾಳಿ ಬೀಸುವ ರಾತ್ರಿ ಮಾತ್ರ ಲೆಕ್ಕ ಬೇರೆ. ಆಗ ತಣ್ಣನೆಯ ಗಾಳಿಯೇ ಬಂದು ಶಾಖ ಹೊತ್ತೊಯ್ಯುತ್ತದೆ, ಬೆಡ್‌ಶೀಟ್ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಅಂಥ ರಾತ್ರಿ ಎಳೆ ಗಿಡದ ಕುಂಡಗಳನ್ನು ಎತ್ತಿ ಒಳಗೆ ಇಟ್ಟುಬಿಡಿ.